ಗಂಟಲ ಮುಳ್ಳು ತೆಗೆಸಿದ ಮೇಲಿನ ದಿನಗಳು

ನನ್ನ ಕುತ್ತಿಗೆಯ ಎಡಬದಿಗೆ, ದವಡೆಯ ಕೆಳಗೆ, ಎರಡೂವರೆ ಇಂಚಿನ ಒಂದು ಗೆರೆ ಇದೆ. ಟಿಕೆಟ್ ಕೊಡಲು ಬಾಗಿದಾಗ ಅದನ್ನು ಕಂಡವರು ಏನಾಯಿತೆಂದು ಕೇಳುತ್ತಾರೆ. ಗಂಟಲಿನಲ್ಲಿ ಮೂಳೆ ಬೆಳೆದಿತ್ತು, ಕೊಯ್ದು ತೆಗೆದರು ಎನ್ನುತ್ತೇನೆ. ಫರಹತಾಬಾದ್ ಬರುವುದರೊಳಗೆ ಅದಕ್ಕಿಂತ ಹೆಚ್ಚು ಹೇಳಲು ಪುರುಸೊತ್ತು ಇರುವುದಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಬಂದಾಗ, ಮುಂದಿನ ದಿನಗಳು ಹೇಗಿರುತ್ತವೆ ಎಂದು ಹೇಳುವ ಒಬ್ಬರೂ ನನಗೆ ಸಿಗಲಿಲ್ಲ.

ನಾನು ಸಾರಿಗೆ ಸಂಸ್ಥೆಯ ನಿರ್ವಾಹಕ. 14 ವರ್ಷಗಳಲ್ಲಿ ಹೆಚ್ಚಿನ ಕಾಲ ಕಲಬುರಗಿ–ಜೇವರ್ಗಿ ಮಾರ್ಗದಲ್ಲೇ ಕಳೆದಿದ್ದೇನೆ. ಈ ಕೆಲಸದಲ್ಲಿ ಕೈಗಿಂತ ಹೆಚ್ಚು ದುಡಿಯುವುದು ಕುತ್ತಿಗೆ ಮತ್ತು ಗಂಟಲು. ಎರಡೂ ಒಟ್ಟಿಗೆ ಕೈಕೊಟ್ಟವು. ಉಗುಳು ನುಂಗಿದರೆ ಎಡಗಂಟಲಿನಲ್ಲಿ ಜೋಳದ ದಂಟಿನ ಸಿಬಿರು ಚುಚ್ಚಿದಂತೆ ಆಗುತ್ತಿತ್ತು. ಹಿಂದಿನ ಸೀಟಿನವರು ಕರೆದರೆಂದು ಎಡಕ್ಕೆ ತಿರುಗಿದರೆ ಕಿವಿಯೊಳಗೆ ಕಾದ ಸೂಜಿ ಹೊಕ್ಕಂತೆ ಆಗುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು. ಆಮ್ಲಪಿತ್ತವೆಂದು ಆರು ತಿಂಗಳು ಗುಳಿಗೆ ನುಂಗಿದೆ. ಹಲ್ಲಿನ ನೋವೆಂದು ಒಬ್ಬರು ಎಡಗಡೆಯ ದವಡೆ ಹಲ್ಲು ಕಿತ್ತರು. ನೋವು ಅಲ್ಲಿಯೇ ಇತ್ತು.

ಕೊನೆಗೆ ಕಿವಿ ಮೂಗು ಗಂಟಲಿನ ವೈದ್ಯರೊಬ್ಬರು ಬಾಯೊಳಗೆ ಬೆರಳು ಹಾಕಿ ಟಾನ್ಸಿಲ್ ಇರುವ ಜಾಗವನ್ನು ಒತ್ತಿದರು. ನನ್ನ ಕಣ್ಣಲ್ಲಿ ನೀರು ಬಂತು. "ದಿನವೂ ಬರುವುದು ಇದೇ ನೋವೇನ್ರಿ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಅದೇ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟರು. ಎರಡು ವರ್ಷಗಳಲ್ಲಿ ಮೊದಲ ಬಾರಿ ಒಂದು ಲೋಟ ನೀರನ್ನು ನೋವಿಲ್ಲದೆ ಕುಡಿದೆ. ಆ ಸಮಾಧಾನ ಒಂದು ಗಂಟೆಯಷ್ಟೇ ಇತ್ತು, ಆದರೆ ಕಾಯಿಲೆ ಎಲ್ಲಿದೆ ಎನ್ನುವುದು ಖಚಿತವಾಯಿತು.

ಕಿವಿಯ ಕೆಳಗೆ, ತಲೆಬುರುಡೆಯ ತಳದಿಂದ ಸೂಜಿಯಂಥ ಒಂದು ಮೂಳೆ ಕೆಳಕ್ಕೆ ಇಳಿದಿರುತ್ತದೆ. ಅದರ ಹೆಸರು ಸ್ಟೈಲಾಯ್ಡ್. ಸಾಮಾನ್ಯವಾಗಿ ಎರಡೂವರೆ, ಮೂರು ಸೆಂಟಿಮೀಟರ್ ಉದ್ದ. ಸಿಟಿ ಸ್ಕ್ಯಾನಿನಲ್ಲಿ ನನ್ನ ಎಡಗಡೆಯದು 4.3 ಸೆಂಟಿಮೀಟರ್ ಇತ್ತು. ಬಲಗಡೆಯದೂ ಉದ್ದವೇ, 3.4, ಆದರೆ ಅಲ್ಲಿ ನೋವಿಲ್ಲ. ನೋವಿಲ್ಲದ ಮೂಳೆಯನ್ನು ಮುಟ್ಟುವುದಿಲ್ಲ ಎಂದರು ವೈದ್ಯರು, ಅದು ನನಗೆ ಸರಿಯೆನಿಸಿತು. 1937ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವೈದ್ಯ ವಾಟ್ ಈಗಲ್ ಈ ಕಾಯಿಲೆಯನ್ನು ವಿವರಿಸಿದ್ದರಿಂದ ಇದಕ್ಕೆ ಈಗಲ್ ಸಿಂಡ್ರೋಮ್ ಎಂದು ಹೆಸರು, ಹದ್ದಿಗೂ ಇದಕ್ಕೂ ಸಂಬಂಧವಿಲ್ಲ. ನೂರರಲ್ಲಿ ನಾಲ್ಕು ಜನರಿಗೆ ಈ ಮೂಳೆ ಉದ್ದ ಇರುತ್ತದೆ, ಅವರಲ್ಲಿ ನೋವು ಕಾಣಿಸುವುದು ಕೆಲವರಿಗೆ ಮಾತ್ರ ಎನ್ನುವುದು ಈಗಲ್ ಅವರ ಅಂದಾಜು.

ಬಾಯಿಯ ಮೂಲಕವೂ ಈ ಮೂಳೆಯನ್ನು ಕತ್ತರಿಸಬಹುದು, ಆಗ ಹೊರಗೆ ಕಲೆ ಉಳಿಯುವುದಿಲ್ಲ. ಆದರೆ ಮೂಳೆಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳವೂ ಹಲವು ನರಗಳೂ ಹಾದುಹೋಗುತ್ತವೆ. ಕುತ್ತಿಗೆಯ ಹೊರಗಿನಿಂದ ಹೋದರೆ ಅವೆಲ್ಲ ಕಣ್ಣಿಗೆ ಚೆನ್ನಾಗಿ ಕಾಣುತ್ತವೆ ಎಂದು ನಮ್ಮ ವೈದ್ಯರು ಆ ದಾರಿ ಹಿಡಿದರು. 2024ರ ನವೆಂಬರ್ ಎರಡನೆಯ ವಾರ ಕಲಬುರಗಿಯಲ್ಲೇ ಶಸ್ತ್ರಚಿಕಿತ್ಸೆ ನಡೆಯಿತು. ತೆಗೆದ ತುಂಡನ್ನು ಚಿಕ್ಕ ಸೀಸೆಯಲ್ಲಿ ಹಾಕಿ ತೋರಿಸಿದರು. ಎರಡು ಸೆಂಟಿಮೀಟರ್ ಉದ್ದ, ಬೆಂಕಿಕಡ್ಡಿಗಿಂತ ತುಸು ದಪ್ಪ.

ಮೊದಲ ಎರಡು ದಿನ ಕುತ್ತಿಗೆಯಿಂದ ಒಂದು ನಳಿಕೆ ಹೊರಬಂದಿತ್ತು, ಒಳಗೆ ಕೂಡಿಕೊಂಡ ರಕ್ತ ಹೋಗಲೆಂದು. ಅದನ್ನು ತೆಗೆದ ಮರುದಿನ ಮನೆಗೆ ಕಳಿಸಿದರು. ಊತ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಆದರೆ ಮೂರನೆಯ ದಿನವೇ ಅದು ಅತಿ ಹೆಚ್ಚಾಗಿತ್ತು. ಇದು ಮೊದಲೇ ಗೊತ್ತಿದ್ದರೆ ಆ ರಾತ್ರಿ ಅಷ್ಟು ಹೆದರುತ್ತಿರಲಿಲ್ಲ. ಮೂರು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದರೆ ಬೆಳಗಿನ ಹೊತ್ತಿಗೆ ತುಸು ಇಳಿದಿರುತ್ತದೆ. ಆದರೆ ಕುತ್ತಿಗೆ ಒಮ್ಮೆಲೇ ಬಿಗಿದು ಉಬ್ಬಿದರೆ, ಉಸಿರು ಕಟ್ಟಿದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಕಳಿಸಿದ್ದರು. ಆ ಮಾತನ್ನು ಮನೆಯವಳು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಳು.

ನಾಲ್ಕನೆಯ ದಿನ ಒಂದು ನೋಟುಪುಸ್ತಕ ತೆಗೆದುಕೊಂಡು ಕುಳಿತೆ. ಪ್ರತಿ ಟ್ರಿಪ್ಪಿನ ಲೆಕ್ಕವನ್ನು ವೇಬಿಲ್ಲಿನಲ್ಲಿ ತುಂಬಿ ರೂಢಿಯಾದ ಕೈ ಇದು. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಹಳೆಯ ನೋವು, ಬಲಕ್ಕೆ ಹೊಸ ನೋವು ಎಂದು ಬರೆದೆ. ಮೂಳೆಯಿಂದ ಆಗುತ್ತಿದ್ದುದು ಎಡಕ್ಕೆ: ನುಂಗುವಾಗಿನ ಚುಚ್ಚು, ಕಿವಿಯ ಸೂಜಿ, ಕುತ್ತಿಗೆ ತಿರುಗಿಸುವಾಗಿನ ಸೆಳೆತ. ಕತ್ತಿಯಿಂದ ಆದದ್ದು ಬಲಕ್ಕೆ: ಹೊಲಿಗೆಯ ಉರಿ, ದವಡೆಯ ಬಿಗಿತ, ಕಿವಿಯ ಹಾಲೆಯ ಜೋಮು, ಸೊಟ್ಟಗಾದ ತುಟಿ. ದಿನಕ್ಕೆ ಮೂರು ಸಲ ಗುರುತು ಹಾಕುತ್ತಿದ್ದೆ. ಈ ಕಾಯಿಲೆಯಿಂದ ಚೇತರಿಸಿಕೊಳ್ಳುವವರಿಗೆ ನಾನು ಒಂದೇ ಒಂದು ಮಾತು ಹೇಳಬಹುದಾದರೆ ಈ ಗೆರೆಯ ವಿಷಯವನ್ನೇ ಹೇಳುತ್ತೇನೆ.

ಏಕೆಂದರೆ ಮೂರನೆಯ ವಾರ ನಾನು ಕುಸಿದುಹೋದೆ. ನುಂಗಿದರೆ ಇನ್ನೂ ನೋವು. ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು, ಮೊದಲು ಮೂರು ಬೆರಳು ಹಿಡಿಸುತ್ತಿದ್ದವು. ಕುತ್ತಿಗೆ ಕೊಯ್ಯಿಸಿಕೊಂಡದ್ದು ವ್ಯರ್ಥವಾಯಿತೆಂದು ಮನೆಯವಳ ಮುಂದೆ ಅತ್ತೆ. ಅವಳು ಪುಸ್ತಕ ತಂದು ಮುಂದಿಟ್ಟು, "ನೀವೇ ಬರೆದದ್ದು ನೋಡ್ರಿ" ಎಂದಳು. ಕಿವಿಯ ಸೂಜಿಯ ಸಾಲಿನಲ್ಲಿ 11 ದಿನಗಳಿಂದ ಒಂದೂ ಗುರುತಿರಲಿಲ್ಲ. ಹೋದ ನೋವು ಹೋಗಿದೆ ಎನ್ನುವುದೇ ನನಗೆ ಗೊತ್ತಾಗಿರಲಿಲ್ಲ, ಹೊಸ ನೋವು ಅದರ ಜಾಗದಲ್ಲಿ ಕುಳಿತಿತ್ತು. ಎರಡು ವರ್ಷ ತುಳಿತಕ್ಕೆ ಸಿಕ್ಕ ನರ ಎರಡು ವಾರಕ್ಕೆ ಸುಮ್ಮನಾಗುವುದಿಲ್ಲ, ತಿಂಗಳುಗಳು ಬೇಕು ಎಂದು ಆಮೇಲೆ ವೈದ್ಯರೂ ಹೇಳಿದರು.

ಊಟದ ಕಷ್ಟವನ್ನು ನಮ್ಮ ಭಾಗದವರೇ ಬಲ್ಲರು. ರೊಟ್ಟಿ ಇಲ್ಲದೆ ಊಟವಾಯಿತು ಎಂದು ಹೊಟ್ಟೆ ಒಪ್ಪುವುದೇ ಇಲ್ಲ, ಖಡಕ್ ರೊಟ್ಟಿಯಂತೂ ದೂರದ ಮಾತು. ಮೊದಲ ವಾರ ಗಂಜಿ, ತೊಗರಿಬೇಳೆಯ ಕಟ್ಟು, ಆರಿದ ಹಾಲು. ಎರಡನೆಯ ವಾರ ಅವ್ವ ಜೋಳದ ನುಚ್ಚನ್ನು ಬೆಣ್ಣೆಯಂತೆ ಬೇಯಿಸಿ, ಚಮಚದ ಬೆನ್ನಿನಿಂದ ಅರೆದು ಕೊಟ್ಟಳು. ಬಿಸಿಯಾದದ್ದು ಬೇಡ, ಖಾರ ಬೇಡ, ಶೇಂಗಾ ಹಿಂಡಿಯ ಪುಡಿ ಗಂಟಲಿಗೆ ಹಿಡಿಯುತ್ತದೆ. ನೋವಿನ ಗುಳಿಗೆಯಿಂದ ಮಲಬದ್ಧತೆಯೂ ಆಗುತ್ತದೆ. ಬೆಂದ ಸೊಪ್ಪು ಮತ್ತು ನೀರನ್ನು ಮೊದಲ ದಿನದಿಂದಲೇ ಮರೆಯಬಾರದು, ನಾನು ಮರೆತಿದ್ದೆ.

ಹತ್ತನೆಯ ದಿನ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡೆ. ಮೊದಲ ಚಮಚ ನಾಲಿಗೆಗೆ ತಾಗಿದ್ದೇ ತಡ, ಎಡಗಿವಿಯ ಮುಂದೆ, ದವಡೆಯ ಮೂಲೆಯಲ್ಲಿ, ಯಾರೋ ಇಕ್ಕಳದಿಂದ ಹಿಡಿದು ತಿರುಚಿದಂತಾಯಿತು. ಚಮಚ ಕೈಯಿಂದ ಬಿತ್ತು. ಎರಡನೆಯ ಚಮಚಕ್ಕೆ ಅರ್ಧ ನೋವು, ಐದನೆಯದಕ್ಕೆ ಏನೂ ಇಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಮತ್ತೆ ಮೊದಲ ತುತ್ತಿಗೆ ಅದೇ ಕಥೆ. ಇದಕ್ಕೆ ಫಸ್ಟ್ ಬೈಟ್ ಸಿಂಡ್ರೋಮ್ ಎನ್ನುತ್ತಾರೆ ಎಂದು ಹೊಲಿಗೆ ನೋಡಲು ಹೋದಾಗ ತಿಳಿಯಿತು. ಕುತ್ತಿಗೆಯ ರಕ್ತನಾಳದ ಗುಂಟ ಸಾಗಿ ಜೊಲ್ಲುಗ್ರಂಥಿಗೆ ಹೋಗುವ ಸಣ್ಣ ನರಗಳಿಗೆ ಪೆಟ್ಟಾದರೆ, ಊಟದ ಮೊದಲ ತುತ್ತಿಗೆ ಜೊಲ್ಲು ನುಗ್ಗುವಾಗ ಆ ಗ್ರಂಥಿ ವಿಪರೀತ ಬಿಗಿಯುತ್ತದೆ. ಹುಳಿ ತಗುಲಿದರೆ ಇನ್ನೂ ಜೋರು. ಹುಳಿಯಿಲ್ಲದ ಅಡುಗೆ ನಮ್ಮ ಮನೆಯಲ್ಲಿ ಯಾವುದಿದೆ? ಪುಂಡಿಪಲ್ಯದ ಮನೆ ನಮ್ಮದು. ನಾನೇ ಒಂದು ಉಪಾಯ ಕಂಡುಕೊಂಡೆ: ಊಟಕ್ಕೆ ಮೊದಲು ಸಪ್ಪೆ ನುಚ್ಚನ್ನು ಕಡಲೆಕಾಳಿನಷ್ಟು ಬಲಗಡೆಯ ದವಡೆಯಲ್ಲಿಟ್ಟು ನಿಧಾನವಾಗಿ ಐದಾರು ಸಲ ನುಂಗುವುದು. ಆಮೇಲೆ ಹುಳಿ ಮುಟ್ಟಿದರೆ ನೋವು ಬಂದರೂ ತಡೆದುಕೊಳ್ಳುವಷ್ಟಿರುತ್ತಿತ್ತು.

ಕೆಳತುಟಿಯ ಎಡ ಮೂಲೆ ಸರಿಯಾಗಿ ಇಳಿಯುತ್ತಿರಲಿಲ್ಲ. ನಕ್ಕರೆ ಸೊಟ್ಟ, ನೀರು ಕುಡಿದರೆ ಗದ್ದಕ್ಕೆ ಧಾರೆ. ದವಡೆಯ ಅಂಚಿನಲ್ಲಿ ಹಾದುಹೋಗುವ ನರವನ್ನು ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಸರಿಸಿ ಹಿಡಿದಿದ್ದರಂತೆ, ಕಡಿದಿಲ್ಲ, ಮರಳಿ ಬರುತ್ತದೆ ಎಂದರು. ನನಗೆ ಚಿಂತೆ ಹತ್ತಿದ್ದು ಸೀಟಿಯದು. ನಾಲ್ಕು ವಾರ ಊದಲೇಬೇಡಿ ಎಂದಿದ್ದರು. ಐದನೆಯ ವಾರ ಹಿತ್ತಲಿಗೆ ಹೋಗಿ ಮೆಲ್ಲಗೆ ಊದಿದರೆ ಗಾಳಿ ಎಡಗಡೆಯಿಂದ ಸೋರಿಹೋಯಿತು, ಸದ್ದೇ ಇಲ್ಲ. ದಿನವೂ ಕನ್ನಡಿಯ ಮುಂದೆ ತುಟಿ ಮುಂದೆ ಮಾಡುವುದು, ಅಗಲಿಸುವುದು, ಹಲ್ಲು ತೋರಿಸುವುದು, ಹತ್ತು ಹತ್ತು ಸಲ ಮಾಡಿದೆ. ಒಂಬತ್ತನೆಯ ವಾರ ಸೀಟಿಯ ಸದ್ದು ಕೇಳಿ ಮಗಳು ಒಳಗಿನಿಂದ "ರೈಟ್!" ಎಂದು ಕೂಗಿದಳು.

ಕುತ್ತಿಗೆಯ ವ್ಯಾಯಾಮವನ್ನು ಹೊಲಿಗೆ ಬಿಚ್ಚಿದ ಮೇಲೆ ಫಿಸಿಯೋಥೆರಪಿಯವರು ಕಲಿಸಿದರು. ಗದ್ದವನ್ನು ಭುಜದ ಕಡೆಗೆ ತಿರುಗಿಸಿ, ಸೆಳೆತ ಬಂದಲ್ಲಿ ನಿಲ್ಲಿಸಿ, ಐದು ಎಣಿಸಿ ಹಿಂದಕ್ಕೆ ಬರಬೇಕು. ನೋವು ಬರುವವರೆಗೆ ಎಳೆಯಬಾರದು. ಇನ್ನೊಂದು ಎಚ್ಚರ ಗಡ್ಡ ಮಾಡಿಕೊಳ್ಳುವವರಿಗೆ: ಗಾಯದ ಸುತ್ತಲಿನ ಚರ್ಮಕ್ಕೆ ಜೋಮು ಇರುತ್ತದೆ. ಒಮ್ಮೆ ಬ್ಲೇಡು ಕೊಯ್ದದ್ದು ನನಗೆ ತಿಳಿಯಲೇ ಇಲ್ಲ, ವಸ್ತ್ರದ ಮೇಲೆ ರಕ್ತ ನೋಡಿ ಗಾಬರಿಯಾದೆ. ಆಮೇಲೆ ಎರಡು ತಿಂಗಳು ಕತ್ತರಿಯಿಂದ ಕತ್ತರಿಸಿಕೊಂಡೆ.

ಏಳನೆಯ ವಾರಕ್ಕೆ ಎಳ್ಳಮವಾಸ್ಯೆ ಬಂತು. ನಮ್ಮ ಹೊಲ ಜೇವರ್ಗಿ ತಾಲ್ಲೂಕಿನಲ್ಲಿದೆ. ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲುವಾಗ ಎಲ್ಲರಿಗಿಂತ ಜೋರಾಗಿ ಕೂಗುವವನು ನಾನು. ಆ ವರ್ಷ ಅಣ್ಣ ಕೂಗಿದ, ನಾನು ತಂಬಿಗೆ ಹಿಡಿದು ಅವನ ಹಿಂದೆ ತೊಗರಿಯ ಸಾಲಿನಲ್ಲಿ ನಡೆದೆ. ಊಟಕ್ಕೆ ಕುಳಿತಾಗ ಅವ್ವ ಸಜ್ಜೆ ರೊಟ್ಟಿಯನ್ನು ಸೊಪ್ಪು ಕಾಳುಗಳ ಭಜ್ಜಿ ಪಲ್ಯದಲ್ಲಿ ನೆನೆಸಿಟ್ಟು, "ಅವಸರ ಮಾಡಬೇಡ ತಮ್ಮಾ, ನೆನೆಯಲಿ" ಎಂದಳು. ಮೊದಲ ತುತ್ತಿಗೆ ಇಕ್ಕಳ ಹಿಡಿಯಿತು. ಕಣ್ಣು ಮುಚ್ಚಿ ಕುಳಿತೆ, ಬಿಟ್ಟಿತು. ಒಂದೂವರೆ ರೊಟ್ಟಿ ತಿಂದೆ. ಅಂದಿನ ಪುಟದಲ್ಲಿ ನೋವಿನ ಗುರುತಿನ ಪಕ್ಕ ರೊಟ್ಟಿಯ ಲೆಕ್ಕವನ್ನೂ ಬರೆದಿದ್ದೇನೆ.

ಜನವರಿಯಲ್ಲಿ ಕೆಲಸಕ್ಕೆ ಹಾಜರಾದೆ. ಮೊದಲ ತಿಂಗಳು ಕೇಳಿಕೊಂಡು ಡಿಪೊ ಕಚೇರಿಯಲ್ಲೇ ಇದ್ದೆ. ಅನುಕೂಲವಿದ್ದವರು ಹೀಗೆ ಹಗುರ ಕೆಲಸ ಕೇಳಿ ಪಡೆಯುವುದು ಒಳ್ಳೆಯದು, ತುಂಬಿದ ಬಸ್ಸಿನಲ್ಲಿ ಯಾರದೋ ಮೊಣಕೈ ಕುತ್ತಿಗೆಗೆ ತಗುಲುವುದು ಕ್ಷಣದ ಮಾತು. ಮಾರ್ಗಕ್ಕೆ ಮರಳಿದ ದಿನ ಕಟ್ಟಿಸಂಗಾವಿಯ ಭೀಮಾ ಸೇತುವೆಯ ಮೇಲೆ ಹಿಂದಿನಿಂದ ಅಜ್ಜಿಯೊಬ್ಬರು ಕರೆದರು. ಎರಡು ವರ್ಷಗಳಿಂದ ಇಡೀ ಮೈ ತಿರುಗಿಸಿ ನೋಡುತ್ತಿದ್ದವನು ಕುತ್ತಿಗೆಯನ್ನಷ್ಟೇ ತಿರುಗಿಸಿದೆ. ಕಿವಿಯಲ್ಲಿ ಏನೂ ಆಗಲಿಲ್ಲ.

ಈಗ ಹತ್ತು ತಿಂಗಳಾಗಿವೆ. ಎಡಬದಿಯ ಸಾಲುಗಳಲ್ಲಿ ಏಪ್ರಿಲ್‌ನಿಂದ ಒಂದೂ ಗುರುತಿಲ್ಲ. ಬಲಬದಿಯಲ್ಲಿ ಎರಡು ಉಳಿದಿವೆ: ಹುಣಸೆ ಹೆಚ್ಚಾದ ದಿನ ಮೊದಲ ತುತ್ತಿಗೆ ಸಣ್ಣ ಬಿಗಿತ, ಮತ್ತೆ ಕಿವಿಯ ಹಾಲೆಯ ಕೆಳಭಾಗದ ಜೋಮು. ಮೊಬೈಲ್ ಎಡಗಿವಿಗೆ ಹಿಡಿದರೆ ಬೇರೆಯವರ ಕಿವಿಗೆ ಹಿಡಿದಂತೆ ಅನಿಸುತ್ತದೆ, ಹಾಗಾಗಿ ಬಲಗಿವಿಗೆ ಹಿಡಿಯುತ್ತೇನೆ. ಸುಮ್ಮನೆ ಕೀಳಿಸಿದ ಹಲ್ಲಿನ ಜಾಗ ಖಾಲಿಯೇ ಇದೆ. ಕಾರಣ ತಿಳಿಯದ ಕಿವಿನೋವು, ಗಂಟಲುನೋವು ತಿಂಗಳುಗಟ್ಟಲೆ ಇದ್ದವರು ಹಲ್ಲು ಕೀಳಿಸುವ ಮೊದಲು ಗಂಟಲಿನ ವೈದ್ಯರಿಂದ ಒಮ್ಮೆ ಆ ಜಾಗವನ್ನು ಬೆರಳಿನಿಂದ ಒತ್ತಿಸಿ ನೋಡಿಸಿಕೊಳ್ಳಿ. ನಾನಂತೂ ಖಡಕ್ ರೊಟ್ಟಿಯನ್ನು ಈಗ ಬಲದವಡೆಯಲ್ಲೇ ಅಗಿಯುತ್ತೇನೆ.