ಡ್ರಮ್ಮರ್ ಬೆನ್ನು ಹತ್ತಿ ಫ್ಯೂಶನ್‌ಗೆ ಬಂದದ್ದು

ರಾಕ್ ಕೇಳುವವರು ಜಾಜ್ ಫ್ಯೂಶನ್ (ಜಾಜ್ ಜೊತೆ ರಾಕ್ ಬೆರೆಸಿದ ಸಂಗೀತ) ಕೇಳಬೇಕು ಅಂದರೆ ಎಲ್ಲರೂ ಮೊದಲು ಹೇಳುವ ಹೆಸರು ಜಾಜ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’. 1970ರ ಆಲ್ಬಮ್. ದೊಡ್ಡ ಕೆಲಸ, ಅನುಮಾನವೇ ಇಲ್ಲ. ಆದರೆ ಶುರು ಮಾಡೋಕೆ ಅದು ಬೇಡ. ನಾನು ಬಂದದ್ದು ಡೀಪ್ ಪರ್ಪಲ್ ಅನ್ನೋ ರಾಕ್ ತಂಡದ ಮೂಲಕ.

1975ರಲ್ಲಿ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಪರ್ಪಲ್ ಬಿಟ್ಟರು. ಆ ಜಾಗಕ್ಕೆ ಬಂದವರು ಟಾಮಿ ಬೋಲಿನ್. ಇವರು ಮೊದಲು ಎಲ್ಲಿ ನುಡಿಸುತ್ತಿದ್ದರು ಅಂತ ಹುಡುಕಿದಾಗ ‘ಸ್ಪೆಕ್ಟ್ರಮ್’ ಸಿಕ್ಕಿತು. ಬಿಲ್ಲಿ ಕಾಬಮ್ ಅನ್ನೋ ಡ್ರಮ್ಮರ್ 1973ರಲ್ಲಿ ತಮ್ಮ ಹೆಸರಲ್ಲಿ ಮಾಡಿದ ಮೊದಲ ಆಲ್ಬಮ್ ಅದು. ಗಿಟಾರ್ ಬೋಲಿನ್ ಅವರದು. ಗಿಟಾರಿನ ದನಿ ನಮಗೆ ಗೊತ್ತಿರುವಂಥದ್ದೇ, ಅದೇ ಒರಟು, ಅದೇ ಬಿಸಿ. ಕೆಳಗೆ ನಡೆಯುವ ಲಯ ಮಾತ್ರ ಬೇರೆ.

ಅದರಲ್ಲಿ ‘ಸ್ಟ್ರೇಟಸ್’ ಕೇಳಿ. ಸುಮಾರು ಮೂರು ನಿಮಿಷ ಬರೀ ಸಿಂಥಸೈಜರ್ ಸದ್ದು, ಡ್ರಮ್ಮಿನ ಓಡಾಟ. ಆಮೇಲೆ ಲೀ ಸ್ಕ್ಲಾರ್ ಅವರ ಬೇಸ್ ಗಿಟಾರ್ ಒಂದು ಚಿಕ್ಕ ಸಾಲು ಹಿಡಿಯುತ್ತದೆ. ಹಿಡಿದ ಮೇಲೆ ಬಿಡುವುದಿಲ್ಲ, ಅದನ್ನೇ ಸುತ್ತುತ್ತಿರುತ್ತದೆ. 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡ ಇದೇ ಸಾಲನ್ನು ತಮ್ಮ ಹಾಡಿಗೆ ಎತ್ತಿಕೊಂಡಿತು. ಬೇಸ್ ಅಲ್ಲಾಡದೆ ನಿಂತಿರುವುದರಿಂದಲೇ ಗಿಟಾರ್ ಎಲ್ಲಿಗೆ ಬೇಕಾದರೂ ಹೋಗಿ ವಾಪಸ್ ಬರಬಹುದು.

ನಾನು ಇದನ್ನು ಕೇಳುತ್ತಿದ್ದದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವಾಗ. ಒಂದು ದಿನ ಬೇಸ್ ಮಾತ್ರ ಹಿಡಿದು ಕೇಳುವುದು, ಇನ್ನೊಂದು ದಿನ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಾಳದ ಬಟ್ಟಲು) ಮಾತ್ರ. ಗಿಟಾರ್ ಕೊನೆಗೆ. ರಾಕ್‌ನಲ್ಲಿ ಹಾಡೋರ ದನಿ ನಮ್ಮನ್ನು ಕೈ ಹಿಡಿದು ಕರೆದುಕೊಂಡು ಹೋಗುತ್ತದೆ. ಇಲ್ಲಿ ಹಾಡೋರೇ ಇಲ್ಲ, ಹಾಗಾಗಿ ಯಾರ ಜೊತೆ ಹೋಗಬೇಕು ಅಂತ ನಾವೇ ಆರಿಸಿಕೊಳ್ಳಬೇಕು. ಒಳ್ಳೆ ಇಯರ್‌ಫೋನ್ ಬೇಕೇ ಬೇಕು. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕೇಳಿಸೋದೇ ಇಲ್ಲ.

ಕಾಬಮ್ ಬೆನ್ನು ಹತ್ತಿದರೆ ಅವರು ಡ್ರಮ್ಸ್ ನುಡಿಸುತ್ತಿದ್ದ ಮಹಾವಿಷ್ಣು ಆರ್ಕೆಸ್ಟ್ರಾ ಸಿಗುತ್ತದೆ. ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಕಟ್ಟಿದ ತಂಡ. ಅದರಲ್ಲಿ ಗಿಟಾರ್ ಜೊತೆ ಜೆರಿ ಗುಡ್‌ಮನ್ ಅವರ ಪಿಟೀಲಿದೆ. ಎಷ್ಟೋ ರಾಕ್ ಕೇಳುಗರು ಇಲ್ಲೇ ನಿಂತುಬಿಡುತ್ತಾರೆ, ಯಾಕಂದರೆ ನಾಲ್ಕರ ಎಣಿಕೆಗೆ ಕಾಲು ಕುಟ್ಟೋಕೆ ಆಗಲ್ಲ. 1973ರ ‘ಬರ್ಡ್ಸ್ ಆಫ್ ಫೈರ್’ ಅನ್ನು ನಮ್ಮ ಬೀದಿಯಲ್ಲಿ ಮೃದಂಗ ಹೇಳಿಕೊಡುವ ಮೇಷ್ಟ್ರಿಗೆ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ತೊಡೆ ಮೇಲೆ ಬೆರಳು ಎಣಿಸಿದರು.

“ಹದಿನೆಂಟು ಕಣೋ. ಒಂಬತ್ತು ಎರಡು ಸಲ ಹಾಕಿಕೋ, ಸರಿಹೋಗುತ್ತೆ. ಹುಡುಗ ಚೆನ್ನಾಗಿ ನುಡಿಸ್ತಾನೆ, ಯಾರೋ ಇವನು?”

“ಕಾಬಮ್ ಅಂತ ಸಾರ್.”

“ಇನ್ನೊಂದ್ಸಲ ಹಾಕು.”

ಮೈಸೂರಿನಲ್ಲಿ ಬೆಳೆದವರಿಗೆ ಇದೊಂದು ದೊಡ್ಡ ಅನುಕೂಲ. ಬೆಸ ಎಣಿಕೆಯಲ್ಲಿ ಓಡುವ ತಾಳ ನಮ್ಮ ಕಿವಿಗೆ ಬಿದ್ದಿರುತ್ತದೆ. ಪಿಂಕ್ ಫ್ಲಾಯ್ಡ್‌ನ ‘ಮನಿ’ ಏಳರ ಎಣಿಕೆಯಲ್ಲಿದೆ. ಮಿಶ್ರಛಾಪು ಕೂಡ ಏಳೇ ಅಲ್ವಾ? ತಕಿಟ ತಕಧಿಮಿ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್ ಗಣಪತಿ ಕಛೇರಿಗಳಲ್ಲಿ ತನಿ ಆವರ್ತನ (ಬರೀ ತಾಳವಾದ್ಯಗಳ ಸರದಿ) ಶುರುವಾದಾಗ ಎದ್ದು ಹೋಗದೆ ಕೂತವರು ಅರ್ಧ ದಾರಿ ಆಗಲೇ ದಾಟಿದ್ದಾರೆ. ಫ್ಯೂಶನ್ ಕೇಳುವಾಗಲೂ ಸುಮ್ನೆ ಕೈಯಲ್ಲಿ ತಾಳ ಹಾಕಿ. ಎಣಿಕೆ ತಪ್ಪಿದರೆ ತಪ್ಪಲಿ, ಸಮ, ಅಂದರೆ ತಾಳದ ಮೊದಲ ಎಣಿಕೆ, ಬಂದಾಗ ಮತ್ತೆ ಹಿಡಿದರಾಯಿತು.

ಇನ್ನೊಂದು ಮಾತು. ರಾಕ್‌ನಲ್ಲಿ ನಾವು ತಂಡದ ಹೆಸರು ಹಿಡಿದು ಹೋಗುತ್ತೇವೆ. ಇಲ್ಲಿ ನುಡಿಸುವವರ ಹೆಸರು ಹಿಡಿದು ಹೋಗಬೇಕು. ಕಾಬಮ್ ಬಿಟ್ಟ ಮೇಲೆ ಮಹಾವಿಷ್ಣುವಿಗೆ ನಾರದ ಮೈಕೆಲ್ ವಾಲ್ಡನ್ ಬಂದರು. ಅವರೇ 1976ರಲ್ಲಿ ಜೆಫ್ ಬೆಕ್ ಅವರ ‘ವೈರ್ಡ್’ನಲ್ಲಿ ಡ್ರಮ್ಸ್ ನುಡಿಸಿದರು. ಅಲ್ಲಿ ಕೀಬೋರ್ಡ್ ನುಡಿಸಿದ ಯಾನ್ ಹ್ಯಾಮರ್ ಕೂಡ ಮಹಾವಿಷ್ಣುವಿನವರೇ. ರಾಕ್ ಗಿಟಾರಿಗರಲ್ಲಿ ಬೆಕ್ ನನಗೆ ಅಚ್ಚುಮೆಚ್ಚು, ಹಾಗಾಗಿ ಈ ಆಲ್ಬಮ್ ಸವೆದುಹೋಗುವಷ್ಟು ಕೇಳಿದ್ದೇನೆ.

ಹೀಗೆ ಹೆಸರು ಹಿಡಿದು ಹಿಂದಕ್ಕೆ ಹೋದರೆ ಎಲ್ಲರೂ ಮೈಲ್ಸ್ ಮನೆಯಲ್ಲೇ ಸಿಗುತ್ತಾರೆ. 1969ರ ‘ಇನ್ ಎ ಸೈಲೆಂಟ್ ವೇ’ಯಲ್ಲಿ ನುಡಿಸಿದವರನ್ನು ನೋಡಿ: ಮೆಕ್‌ಲಾಫ್ಲಿನ್, ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ, ಜೋ ಜಾವಿನುಲ್, ವೇಯ್ನ್ ಶಾರ್ಟರ್. ಆಮೇಲೆ ಮಹಾವಿಷ್ಣು, ಹೆಡ್‌ಹಂಟರ್ಸ್, ರಿಟರ್ನ್ ಟು ಫಾರೆವರ್, ವೆದರ್ ರಿಪೋರ್ಟ್ ತಂಡಗಳನ್ನು ಕಟ್ಟಿದವರು ಇವರೇ. ಆ ಆಲ್ಬಮ್‌ನಲ್ಲಿ ಗಲಾಟೆ ಇಲ್ಲ, ಆತುರ ಇಲ್ಲ. ಟೋನಿ ವಿಲಿಯಮ್ಸ್ ಹೈ-ಹ್ಯಾಟ್ ಒಂದನ್ನೇ ಎಷ್ಟು ಹೊತ್ತು ಹಿಡಿದುಕೊಂಡು ಹೋಗುತ್ತಾರೆ ಗಮನಿಸಿ. ಇದು ಕಿವಿಗೆ ಕೂತ ಮೇಲೆ ‘ಬಿಚಸ್ ಬ್ರೂ’ ಕಷ್ಟ ಆಗಲ್ಲ.

1980ರ ದಶಕದ ನುಣುಪು ಫ್ಯೂಶನ್ ನನಗೆ ಹಿಡಿಸಲಿಲ್ಲ. ಕೈಚಳಕ ಜಾಸ್ತಿ, ಬಿಸಿ ಕಮ್ಮಿ. ಆದರೆ ಅದೇ ದಶಕದ ಒಂದನ್ನು ಎಲ್ಲರಿಗೂ ಹೇಳುತ್ತೇನೆ. 1983ರ ‘ಜ್ಯೋತಿ’. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ, ಜೊತೆಗೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ. ಆರ್.ಎ. ರಮಾಮಣಿ ಅವರ ದನಿ, ಟಿ.ಎ.ಎಸ್. ಮಣಿ ಅವರ ಮೃದಂಗ. ಎಲೆಕ್ಟ್ರಿಕ್ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಗಿಟಾರ್ ಬೇಕೇ ಬೇಕು ಅನ್ನುವವರು ಇದನ್ನು ಕೊನೆಗೆ ಇಟ್ಟುಕೊಳ್ಳಿ, ಮೊದಲು ‘ಸ್ಟ್ರೇಟಸ್’ ಹಾಕಿ.