ಹಳೆ ಮನೆ ಕೊಂಡು ಬಾಡಿಗೆಗೆ ಬಿಡುವುದಾದರೆ: ಮೊದಲು ನೀರು, ಕೊನೆಗೆ ಬಣ್ಣ

ಬೆಂಗಳೂರಿನಲ್ಲಿ ಹಳೆ ಮನೆ ಕೊಂಡು ಬಾಡಿಗೆಗೆ ಬಿಡುವವರು ಬಣ್ಣಕ್ಕೆ, ಟೈಲ್ಸ್‌ಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಬಾಡಿಗೆದಾರರು ಮನೆ ಖಾಲಿ ಮಾಡುವುದು ಮಾತ್ರ ಸೋರುವ ಗೋಡೆಗೆ, ಬಾರದ ನೀರಿಗೆ, ಪದೇ ಪದೇ ಟ್ರಿಪ್ ಆಗುವ ಕರೆಂಟಿಗೆ.

ಮೊದಲು ಲೆಕ್ಕ. 60 ಲಕ್ಷದ ಮನೆಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಬಂದರೆ ವರ್ಷಕ್ಕೆ 2.4 ಲಕ್ಷ, ಅಂದರೆ ಶೇ 4 ಎನಿಸುತ್ತದೆ. ಆದರೆ ಮುದ್ರಾಂಕ, ಸೆಸ್ ಮತ್ತು 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವ ನೋಂದಣಿ ಶುಲ್ಕ ಸೇರಿ ಶೇ 7.6, ಅಂದರೆ 4.56 ಲಕ್ಷ ಹೋಗುತ್ತದೆ. ರಿಪೇರಿಗೆ 5 ಲಕ್ಷ ಇಡಿ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ, ಇನ್ನೊಂದು ತಿಂಗಳ ಬಾಡಿಗೆ ಕಂದಾಯ ಮತ್ತು ಸಣ್ಣಪುಟ್ಟ ಕೆಲಸಕ್ಕೆ ಎಂದುಕೊಂಡರೆ ಕೈಗುಳಿಯುವುದು 2 ಲಕ್ಷ, ಹಾಕಿದ ಒಟ್ಟು 69.56 ಲಕ್ಷಕ್ಕೆ ಸುಮಾರು ಶೇ 2.9. ಪೂರ್ತಿ ಸಾಲವನ್ನೇ ನೆಚ್ಚಿಕೊಂಡರೆ ಬಾಡಿಗೆಯಿಂದ ಕಂತು ತೀರುವುದಿಲ್ಲ.

ದಾಖಲೆಯಲ್ಲಿ ಮೂಲಪತ್ರ, ಮಂಜೂರಾದ ನಕ್ಷೆ, ಇ-ಖಾತಾ, ಕಂದಾಯ ರಸೀದಿ, ಕನಿಷ್ಠ 30 ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) ನೋಡಿ. ಆನ್‌ಲೈನ್ ಇಸಿ ಸಿಗುವುದು 2004ರಿಂದ ಈಚೆಗೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಅರ್ಜಿ ಹಾಕಬೇಕು. ಪಿತ್ರಾರ್ಜಿತವಾದರೆ ವಂಶವೃಕ್ಷದಲ್ಲಿರುವ ಎಲ್ಲರ ಸಹಿ ಬೇಕು, ಮದುವೆಯಾಗಿ ಹೋದ ಹೆಣ್ಣುಮಕ್ಕಳದ್ದೂ. ಜಿಪಿಎ (ಬೇರೆಯವರಿಗೆ ಕೊಟ್ಟ ಅಧಿಕಾರಪತ್ರ) ಮೇಲಿನ ಮಾರಾಟದಿಂದ ಹಕ್ಕು ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ಶೇ 1 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಕಟ್ಟುವ ಹೊಣೆ ಕೊಳ್ಳುವವರದ್ದು.

ಇಸಿಯಲ್ಲಿ ಕಾಣದ ಅಪಾಯ ಭೋಗ್ಯದ್ದು, ಅಂದರೆ ಬಾಡಿಗೆಯ ಬದಲು ದೊಡ್ಡ ಮೊತ್ತ ಕೊಟ್ಟು ವಾಸವಿರುವುದು. ಮಾರುವವರು ಮೇಲಂತಸ್ತಿನ ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಟ್ಟಿದ್ದರೆ, ಆ ಹಣ ಹಿಂದಿರುಗಿಸುವವರೆಗೆ ಅಲ್ಲಿರುವವರು ಜಾಗ ಬಿಡುವುದಿಲ್ಲ. ವಾಸವಿರುವವರನ್ನು ನೇರವಾಗಿ ಕೇಳಿ, ಅವರ ಕರಾರು ಓದಿ, ಆ ಮೊತ್ತವನ್ನು ಕ್ರಯದಲ್ಲೇ ಮುರಿದುಕೊಳ್ಳಿ. ಬೆಸ್ಕಾಂ, ಜಲಮಂಡಳಿ ಬಾಕಿಯನ್ನೂ ನೋಂದಣಿಗೆ ಮುನ್ನವೇ ತೀರಿಸಲು ಹೇಳಿ.

ಇನ್ನು ರಿಪೇರಿ. ಮೇಸ್ತ್ರಿ ಕರೆಸುವ ಮೊದಲು ಗೋಡೆ ಏಕೆ ಒದ್ದೆ ಎಂದು ಪತ್ತೆ ಮಾಡಿ. ಮಳೆಗಾಲದಲ್ಲಷ್ಟೇ ಸೀಲಿಂಗ್ ಕಲೆಯಾದರೆ ತಾರಸಿಯನ್ನು ನೋಡಿ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಮಾತ್ರ ಉಪ್ಪು ಬಿಟ್ಟಿದ್ದರೆ ತೇವ ಅಡಿಪಾಯದಿಂದ ಏರುತ್ತಿದೆ. ಬಾತ್‌ರೂಮಿನ ಹಿಂಗೋಡೆ ಬೇಸಿಗೆಯಲ್ಲೂ ಒದ್ದೆಯಿದ್ದರೆ ಎರಡು ಪರೀಕ್ಷೆ ಮಾಡಿ. ರಾತ್ರಿ ಮೋಟಾರ್ ಮತ್ತು ಎಲ್ಲ ನಲ್ಲಿ ಬಂದ್ ಮಾಡಿ ಟ್ಯಾಂಕಿನ ಮಟ್ಟ ಗುರುತಿಸಿ. ಬೆಳಿಗ್ಗೆ ಇಳಿದಿದ್ದರೆ ಗೋಡೆಯೊಳಗಿನ ಪೈಪ್ ಸೋರುತ್ತಿದೆ. ಇಳಿಯದಿದ್ದರೆ ನಹಾನಿ ಟ್ರ್ಯಾಪ್‌ಗೆ (ನೆಲದ ನೀರು ಹೋಗುವ ಬಾಯಿಗೆ) ಬಟ್ಟೆ ಬಿಗಿದು ಬಾತ್‌ರೂಮಿನಲ್ಲಿ ಎರಡು ಇಂಚು ನೀರು ನಿಲ್ಲಿಸಿ 24 ಗಂಟೆ ಬಿಡಿ. ಕೆಳಗಿನ ಮನೆಯಲ್ಲಿ ತೇವ ಕಂಡರೆ ನೆಲ ಒಡೆದು ವಾಟರ್‌ಪ್ರೂಫಿಂಗ್ ಮಾಡಿಸದೆ ಗತಿಯಿಲ್ಲ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿಸಿದರೆ ಹೆಚ್ಚು ದಿನ ನಿಲ್ಲದು. ಹಳೆಯ ಜಿಐ (ಸತು ಲೇಪಿತ ಕಬ್ಬಿಣದ) ಪೈಪ್ ಒಳಗೇ ತುಕ್ಕು ಹಿಡಿದಿರುತ್ತದೆ. ತುಂಡು ತುಂಡಾಗಿ ಬದಲಿಸದೆ ಪೂರ್ತಿ ಸಿಪಿವಿಸಿ (ಬಿಸಿನೀರಿಗೂ ತಡೆಯುವ ಪ್ಲಾಸ್ಟಿಕ್) ಪೈಪ್ ಹಾಕಿಸಿ.

ತಾರಸಿಯಲ್ಲಿ ಎಂಟು ಅಡಿಗೆ ಒಂದು ಇಂಚು ಇಳಿಜಾರು ಬೇಕು. ಹೆಚ್ಚಾಗಿ ಸೋರುವುದು ಪ್ಯಾರಪೆಟ್ ಗೋಡೆ ಸ್ಲ್ಯಾಬ್‌ಗೆ ಸೇರುವ ಮೂಲೆ ಮತ್ತು ಮಳೆನೀರಿನ ಪೈಪಿನ ಬಾಯಿ. ಕೆಲಸ ಮುಗಿದ ಮೇಲೆ 48 ಗಂಟೆ ನೀರು ನಿಲ್ಲಿಸಿ ನೋಡಿಯೇ ಕೊನೆಯ ಕಂತು ಕೊಡಿ. ಒದ್ದೆಯಾದ ಪ್ಲಾಸ್ಟರನ್ನು ಕಲೆಯ ಅಂಚಿನಾಚೆ ಒಂದು ಅಡಿವರೆಗೆ ಇಟ್ಟಿಗೆ ಕಾಣುವಂತೆ ಕೆತ್ತಿಸಿ, 1:4 ಗಾರೆ (ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು) ಹಾಕಿಸಿ, ಏಳು ದಿನ ನೀರು ಹಾಯಿಸಿ. ಆಮೇಲೆ ಮೂರು ನಾಲ್ಕು ವಾರ ಒಣಗಲೇಬೇಕು. ಬಾಡಿಗೆ ನಷ್ಟವಾಗುತ್ತದೆಂದು ಆತುರಪಟ್ಟು ಪುಟ್ಟಿ ಹಚ್ಚಿಸಿದರೆ ಒಳಗಿನ ತೇವ ಹೊರಬರುವಾಗ ಪದರ ಪದರವಾಗಿ ಏಳುತ್ತದೆ.

ಪ್ಲಾಸ್ಟರ್‌ಗೆ ಮೊದಲೇ ವೈರಿಂಗ್ ಮುಗಿದಿರಲಿ: ದೀಪಕ್ಕೆ 1.5, ಪ್ಲಗ್‌ಗೆ 2.5, ಗೀಸರ್ ಮತ್ತು ಎಸಿಗೆ 4 ಚದರ ಮಿ.ಮೀ. ತಾಮ್ರದ ವೈರ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್). ಇದರಲ್ಲಿ ಉಳಿತಾಯ ಬೇಡ; ಅದು ಇನ್ನೊಬ್ಬರ ಮಕ್ಕಳ ಜೀವದ ಪ್ರಶ್ನೆ. ಎರಡು ಮನೆಗೆ ಒಂದೇ ಮೋಟಾರ್ ಇದ್ದರೆ ಅದಕ್ಕೆ ಪ್ರತ್ಯೇಕ ಸಬ್‌ಮೀಟರ್ ಇರಲಿ, ಜಗಳ ತಪ್ಪುತ್ತದೆ.

ಕರಾರನ್ನು 11 ತಿಂಗಳಿಗೆ ಮಾಡುವುದು ರೂಢಿ, ಏಕೆಂದರೆ ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಬಾಡಿಗೆ ಏರಿಕೆ, ನೋಟಿಸ್ ಅವಧಿ, ಪೇಂಟಿಂಗ್‌ಗೆ ಮುರಿದುಕೊಳ್ಳುವ ಮೊತ್ತ, ಯಾವ ರಿಪೇರಿ ಯಾರದ್ದು ಎಂಬುದೆಲ್ಲ ಬರಹದಲ್ಲಿರಲಿ. ಬೀಗ ಕೊಡುವ ದಿನ ಮೀಟರ್ ರೀಡಿಂಗ್, ನಲ್ಲಿ, ಸ್ವಿಚ್, ಗೋಡೆಗಳ ಫೋಟೊ ತೆಗೆದು ಇಬ್ಬರೂ ಇಟ್ಟುಕೊಳ್ಳಿ. ಅಡ್ವಾನ್ಸ್ ಖರ್ಚು ಮಾಡಬೇಡಿ, ಬೇರೆ ಖಾತೆಯಲ್ಲಿಡಿ. ಹಿಂದಿನವರ ಹಣ ಕೊಡಲು ಹೊಸಬರ ಅಡ್ವಾನ್ಸ್‌ಗೆ ಕಾಯುವ ಮಾಲೀಕರೇ ಸಿಕ್ಕವರಿಗೆ ಮನೆ ಕೊಡುವುದು.

ಆದಾಯ ತೆರಿಗೆಯಲ್ಲಿ ಕಟ್ಟಿದ ಕಂದಾಯ ಕಳೆದು ಉಳಿದದ್ದರ ಶೇ 30 ವಿನಾಯಿತಿ ಸಿಗುತ್ತದೆ. ರಿಪೇರಿ ಬಿಲ್‌ಗೆಂದು ಬೇರೆ ಕಡಿತವಿಲ್ಲ. ಮಾಲೀಕರು ಅನಿವಾಸಿ ಭಾರತೀಯರಾಗಿದ್ದರೆ ಬಾಡಿಗೆದಾರರು ಟಿಡಿಎಸ್ ಹಿಡಿಯಬೇಕು. ದುಬೈಯಲ್ಲೋ ಅಮೆರಿಕದಲ್ಲೋ ಇದ್ದು ಇಲ್ಲಿ ಮನೆ ಬಾಡಿಗೆಗೆ ಕೊಡುವವರು ಇದನ್ನು ಕರಾರಿನಲ್ಲೇ ಬರೆಸಬೇಕು.