ಆಟದಲ್ಲಿ ಮಕ್ಕಳಿಗೆ ಖುಷಿ ಇದೆಯಾ? ಅಳೆಯುವುದು ಹೀಗೆ

ಹದಿಹರೆಯದವರು ದಿನಕ್ಕೆ ಎಷ್ಟು ಹೊತ್ತು ಆಡಿದರು ಅಂತ ಲೆಕ್ಕ ಇಡುವುದು ಸುಲಭ. ಆದರೆ ಮೈದಾನದಲ್ಲಿ ಬೆವರು ಸುರಿಸುವವರೆಲ್ಲ ಖುಷಿಯಲ್ಲಿದ್ದಾರೆ ಅಂತೇನಿಲ್ಲ, ಅಲ್ವಾ? ಮೇಷ್ಟ್ರ ಸೀಟಿಗೆ ಹೆದರಿ ಓಡುವವರೂ ಇರುತ್ತಾರೆ. ಸೀಟಿ ನಿಂತ ದಿನ ಅವರ ಓಟವೂ ನಿಲ್ಲುತ್ತದೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಚಟುವಟಿಕೆ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ರೂಢಿ ಉಳಿಯಬೇಕಾದರೆ ಖುಷಿ ಬೇಕೇ ಬೇಕು. ಅದನ್ನು ನಾವೇ ಊಹಿಸುವ ಬದಲು ಮಕ್ಕಳನ್ನೇ ಕೇಳೋಣ.

ಇದಕ್ಕೆಂದೇ 'ಪೇಸಸ್' ಎಂಬ ಪ್ರಶ್ನಾವಳಿ ಇದೆ. 1991ರಲ್ಲಿ ಬಂದಾಗ ಅದರಲ್ಲಿ 18 ಸಾಲುಗಳಿದ್ದವು. 2001ರಲ್ಲಿ ಹದಿಹರೆಯದ ಹುಡುಗಿಯರಿಗೆ ಹೊಂದುವಂತೆ ಬದಲಿಸಿದಾಗ 16 ಸಾಲುಗಳಾದವು. ಆಟವಾಡುವಾಗ, ವ್ಯಾಯಾಮ ಮಾಡುವಾಗ ನನಗೆ ಹೇಗನಿಸುತ್ತದೆ ಎಂಬುದನ್ನು ಒಂದೊಂದು ಸಾಲೂ ಕೇಳುತ್ತದೆ. ಸ್ವಲ್ಪವೂ ಒಪ್ಪದಿದ್ದರೆ 1, ಪೂರ್ತಿ ಒಪ್ಪಿದರೆ 5. ಒಂಬತ್ತು ಸಾಲು ಇಷ್ಟದ ಕಡೆಗಿವೆ, ಏಳು ಬೇಸರದ ಕಡೆಗೆ.

ಮೊದಲ ಕೆಲಸ ಈ ಸಾಲುಗಳನ್ನು ಕನ್ನಡಕ್ಕೆ ತರುವುದು. ಇಲ್ಲಿ ಅವಸರ ಬೇಡ. ಮೂಲದಲ್ಲಿ 'ಬೋರ್ ಆಗುತ್ತದೆ' ಎಂಬುದು ಒಂದು ಸಾಲು, 'ಮನಸ್ಸು ಕುಗ್ಗುತ್ತದೆ' ಎಂಬುದು ಇನ್ನೊಂದು. ನಮ್ಮ 'ಬೇಜಾರು' ಎರಡಕ್ಕೂ ಸಲ್ಲುತ್ತದೆ! ಎರಡು ಕಡೆಯೂ ಅದನ್ನೇ ಬರೆದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. 'ಬೋರ್' ಎಂದೇ ಬರೆಯಿರಿ, ಮಕ್ಕಳು ಆಡುವ ಮಾತು ಅದೇ. 'ಮಜಾ ಇರುವುದಿಲ್ಲ' ಎಂಬ ಸಾಲಿಗೆ 'ಒಪ್ಪುವುದಿಲ್ಲ' ಎಂದು ಉತ್ತರಿಸುವಾಗ ದೊಡ್ಡವರಿಗೂ ತಲೆ ಗಿರ್ ಅನ್ನುತ್ತದೆ. ಅದರ ಬದಲು 'ಸಪ್ಪೆ ಅನಿಸುತ್ತದೆ' ಅಂದರೆ ನೇರವಾಯಿತು. ಅನುವಾದವನ್ನು ಇನ್ನೊಬ್ಬರಿಂದ ವಾಪಸ್ ಮೂಲ ಭಾಷೆಗೆ ಮಾಡಿಸಿ, ಅರ್ಥ ಜಾರಿದೆಯೇ ನೋಡಿ. ಆಮೇಲೆ ನಾಲ್ಕೈದು ಮಕ್ಕಳಿಗೆ ಓದಿಸಿ, ಏನು ಅರ್ಥವಾಯಿತು ಅಂತ ಕೇಳಿ.

ಹಾಳೆ ಹಂಚುವಾಗ ಹೆಸರು ಬರೆಸಬೇಡಿ. ಆಟ ಕಲಿಸುವವರು ಅಲ್ಲಿ ನಿಲ್ಲದಿದ್ದರೆ ಒಳ್ಳೆಯದು. ಅವರ ಕಣ್ಣೆದುರು 'ಇಷ್ಟವಿಲ್ಲ' ಅಂತ ಗುರುತು ಹಾಕಲು ಯಾವ ಮಗುವಿಗೆ ಧೈರ್ಯ ಬಂದೀತು? ಇದು ಪರೀಕ್ಷೆಯಲ್ಲ, ಸರಿ ತಪ್ಪು ಇಲ್ಲ ಅಂತ ಮೊದಲೇ ಹೇಳಿ. ಕೇಳುತ್ತಿರುವುದು ಇವತ್ತಿನ ತರಗತಿಯ ಬಗ್ಗೆಯೋ, ಒಟ್ಟಾರೆ ಆಟದ ಬಗ್ಗೆಯೋ ಅನ್ನುವುದನ್ನೂ ಹೇಳಿ.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಬೇಸರದ ಏಳು ಸಾಲುಗಳ ಅಂಕವನ್ನು ತಿರುಗಿಸಬೇಕು. ಅಂದರೆ 6ರಿಂದ ಕಳೆಯಬೇಕು. 1 ಇದ್ದದ್ದು 5 ಆಗುತ್ತದೆ, 2 ಇದ್ದದ್ದು 4. ಒಬ್ಬ ಹುಡುಗಿ ಇಷ್ಟದ ಸಾಲುಗಳಿಗೆಲ್ಲ 4, ಬೇಸರದ ಸಾಲುಗಳಿಗೆಲ್ಲ 2 ಕೊಟ್ಟಳು ಅಂದುಕೊಳ್ಳಿ. ತಿರುಗಿಸಿ ಕೂಡಿದರೆ 36 ಮತ್ತು 28, ಒಟ್ಟು 64. ಮರೆತು ಸುಮ್ನೆ ಕೂಡಿದರೆ 50. ಆಟ ಇಷ್ಟಪಡುವ ಹುಡುಗಿ ಕಾಗದದ ಮೇಲೆ ಅರೆಮನಸ್ಸಿನವಳಾಗಿ ಕಾಣುತ್ತಾಳೆ. ಒಟ್ಟು ಅಂಕ 16ರಿಂದ 80ರ ನಡುವೆ ಇರುತ್ತದೆ, ಜಾಸ್ತಿ ಬಂದಷ್ಟೂ ಖುಷಿ ಜಾಸ್ತಿ. ಎಲ್ಲ ಸಾಲಿಗೂ 5 ಸುತ್ತಿದ ಹಾಳೆ ಸಿಕ್ಕರೆ ಪಕ್ಕಕ್ಕಿಡಿ. ಆ ಮಗು ಬಹುಶಃ ಓದಿಲ್ಲ.

ತರಗತಿಯ ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಕಡಿಮೆ ಅಂಕದ ಹಾಳೆಗಳನ್ನು ಒಂದೊಂದಾಗಿ ಓದಿ. 'ಬೋರ್' ಎಂಬಲ್ಲಿ 5 ಇದ್ದರೆ ಆಟ ಬದಲಿಸಿದರೆ ಸಾಕಾಗಬಹುದು. 'ಮನಸ್ಸು ಕುಗ್ಗುತ್ತದೆ' ಎಂಬಲ್ಲಿ 5 ಇದ್ದರೆ ತಂಡದಲ್ಲಿ ಯಾರನ್ನಾದರೂ ಹಂಗಿಸುತ್ತಿದ್ದಾರಾ, ಕೊನೆಗೆ ಉಳಿಸುತ್ತಿದ್ದಾರಾ ಅಂತ ಗಮನಿಸಬೇಕು. ಏನಾದರೂ ಬದಲಿಸಿದ ಮೇಲೆ ಎರಡು ತಿಂಗಳು ಬಿಟ್ಟು ಅದೇ ಹಾಳೆಯನ್ನು, ಒಂದು ಪದವನ್ನೂ ತಿದ್ದದೆ, ಮತ್ತೆ ಕೊಡಿ.